ಕೆಂಪಿನ ಓಲೆ, ಮುತ್ತಿನ ಜುಮಕಿ, ವಜ್ರದ ಓಲೆ: ಮೂರಕ್ಕೂ ಒಂದೇ ರೀತಿಯ ಆರೈಕೆ ಸಾಕೇ?

ಸಾಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯವರು ಮೂರು ಜೊತೆ ಕಿವಿಯೊಡವೆಗಳನ್ನು ನನಗೆ ಕೊಟ್ಟಿದ್ದಾರೆ. ಮೊದಲನೆಯದು ಅವರ ತಾಯಿಯ ಕಾಲದ ಕೆಂಪಿನ, ಅಂದರೆ ಮಾಣಿಕ್ಯದ, ಓಲೆ. ಅದರ ಹಿಂಬದಿ ಪೂರ್ತಿ ಚಿನ್ನದಿಂದ ಮುಚ್ಚಿದೆ. ಎರಡನೆಯದು ಅಂಚಿನ ಸುತ್ತ ಸಣ್ಣ ಮುತ್ತುಗಳು ತೂಗುವ ಜುಮಕಿ. ಮೂರನೆಯದು ಏಳು ಕಲ್ಲಿನ ವಜ್ರದ ಓಲೆ. ಇದರ ಹಿಂಬದಿ ತೆರೆದಿದ್ದು ಕಲ್ಲುಗಳ ತಳ ಕಾಣುತ್ತದೆ. ಬಹಳ ವರ್ಷ ಪೆಟ್ಟಿಗೆಯಲ್ಲಿದ್ದುದರಿಂದ ಮೂರೂ ಮಂಕಾಗಿವೆ. ಊರಿನ ಒಂದು ಅಂಗಡಿಯವರು ಮೂರನ್ನೂ ಒಟ್ಟಿಗೆ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿ ಕೆಲವೇ ನಿಮಿಷಗಳಲ್ಲಿ ಹೊಸದರಂತೆ ಮಾಡಿಕೊಡುವುದಾಗಿ ಹೇಳಿದರು. ಅತ್ತೆಯವರು ಅದೆಲ್ಲ ಬೇಡ, ಅಂಟುವಾಳದ ನೊರೆ ಸಾಕು ಎನ್ನುತ್ತಾರೆ. ತಿಳಿದವರು ದಯವಿಟ್ಟು ಹೇಳಬೇಕು.

ತುಂಗಾತೀರ

ನಿಮ್ಮ ಅತ್ತೆಯವರ ಮಾತೇ ಸರಿ. ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನ ಅಂಟುವಾಳದ ಕಾಯಿಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಆ ನೊರೆಯಲ್ಲಿ ಸರ, ಬಳೆ, ಓಲೆ ಎಲ್ಲವನ್ನೂ ಹಾಕಿ ತಿಕ್ಕಿ ತೊಳೆಯುವುದು ಈಗಲೂ ನಡೆದಿದೆ. ಯಾವ ಒಡವೆಯೂ ಕೆಟ್ಟದ್ದು ನನಗೆ ಗೊತ್ತಿಲ್ಲ.

ಕಲ್ಲು ಕಟ್ಟುವ ಮನೆ

ನಮ್ಮದು ತಲೆಮಾರುಗಳಿಂದ ಕಲ್ಲು ಕಟ್ಟುವ ಕೆಲಸ ಮಾಡಿಕೊಂಡು ಬಂದ ಮನೆತನ. ನಾನು ರತ್ನಶಾಸ್ತ್ರವನ್ನೂ ಓದಿ, ಈಗ ಬೆಂಗಳೂರಿನ ನಗರ್ತಪೇಟೆಯಲ್ಲಿ ಹೆಚ್ಚಾಗಿ ಹಳೆಯ ಒಡವೆಗಳ ದುರಸ್ತಿಯನ್ನೇ ಮಾಡುತ್ತೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೇಡಂ, ಮೂರನ್ನೂ ಒಟ್ಟಿಗೆ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ, ಅದನ್ನು ಅಂಗಡಿಯವರು ಹೇಳಿದರೂ ಸರಿ, ಮನೆಯವರು ಹೇಳಿದರೂ ಸರಿ. ಒಡವೆಯ ಆರೈಕೆ ಹೇಗಿರಬೇಕೆಂಬುದನ್ನು ಅದರಲ್ಲಿರುವ ಅತಿ ಮೆತ್ತನೆಯ ವಸ್ತು ಮತ್ತು ಕಲ್ಲನ್ನು ಹಿಂದಿನಿಂದ ಕಟ್ಟಿರುವ ಬಗೆ, ಇವೆರಡೇ ತೀರ್ಮಾನಿಸುತ್ತವೆ. ಕಲ್ಲಿನ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಮೂರು ಜೊತೆಗಳು ಈ ಎರಡೂ ವಿಷಯಗಳಲ್ಲಿ ಒಂದಕ್ಕೊಂದು ಹೋಲುವುದಿಲ್ಲ.

ಕೆಂಪಿನ ಓಲೆಯಿಂದ ಪ್ರಾರಂಭಿಸುತ್ತೇನೆ, ಏಕೆಂದರೆ ಹೆಚ್ಚು ಹಾಳಾಗುವುದು ಅದೇ. ಇಂತಹ ಹಳೆಯ ಓಲೆಯಲ್ಲಿ ಪ್ರತಿಯೊಂದು ಕಲ್ಲಿಗೂ ಒಂದು ಚಿನ್ನದ ಗೂಡು ಇರುತ್ತದೆ. ಗೂಡಿನೊಳಗೆ ಸಾಮಾನ್ಯವಾಗಿ ಅರಗು, ಅದರ ಮೇಲೆ ಹೊಳೆಯುವ ತೆಳುವಾದ ತಗಡು, ಅದರ ಮೇಲೆ ಕಲ್ಲು. ಕಲ್ಲಿನ ಸುತ್ತ ಅಪ್ಪಟ ಚಿನ್ನದ ಕುಂದಣವನ್ನು ತುಂಬಿ, ಒತ್ತಿ ಬಿಗಿಮಾಡಿರುತ್ತಾರೆ. ಈ ಕಲ್ಲುಗಳನ್ನು ಇಂದಿನ ವಜ್ರಗಳ ಹಾಗೆ ಹಲವು ಮುಖಗಳಾಗಿ ಕತ್ತರಿಸಿರುವುದಿಲ್ಲ. ಹೆಚ್ಚಿನವು ಚಪ್ಪಟೆಯಾಗಿಯೋ ಗುಮ್ಮಟದ ಆಕಾರದಲ್ಲಿಯೋ ಇರುತ್ತವೆ. ಒಳಹೊಕ್ಕ ಬೆಳಕನ್ನು ಕಣ್ಣಿಗೆ ಮರಳಿಸುವ ಕೆಲಸವನ್ನು ಬಹುಮಟ್ಟಿಗೆ ಕೆಳಗಿನ ತಗಡೇ ಮಾಡುತ್ತದೆ. ನೀವು ಕೆಂಪಿನ ಹೊಳಪೆಂದು ನೋಡುವುದರಲ್ಲಿ ಅರ್ಧ ಭಾಗ ಆ ತಗಡಿನದು.

ಕುಂದಣದ ಒತ್ತು ಕಣ್ಣಿಗೆ ಎಷ್ಟೇ ಬಿಗಿಯಾಗಿ ಕಂಡರೂ ಅದು ನೀರನ್ನು ತಡೆಯುವುದಿಲ್ಲ. ಓಲೆಯನ್ನು ನೀರಿನಲ್ಲಿ ನೆನೆಹಾಕಿದರೆ ತೇವ ಕಲ್ಲಿನ ಕೆಳಗೆ ಇಳಿಯುತ್ತದೆ, ಹಿಂಬದಿ ಮುಚ್ಚಿರುವುದರಿಂದ ಹೊರಗೆ ಬರಲು ದಾರಿ ಸಿಗುವುದಿಲ್ಲ, ಕ್ರಮೇಣ ತಗಡು ಕಪ್ಪಾಗುತ್ತದೆ. ಒಂದೇ ಓಲೆಯಲ್ಲಿ ಎರಡು ಕಲ್ಲು ಕೆಂಪಗೂ ಪಕ್ಕದ ಕಲ್ಲು ಕಂದುಬಣ್ಣಕ್ಕೆ ತಿರುಗಿದಂತೆಯೂ ಕಾಣುವುದನ್ನು ನೀವು ಗಮನಿಸಿರಬಹುದು. ಬಹಳ ಜನ ಕಲ್ಲು ಬಣ್ಣಗೆಟ್ಟಿತೆಂದು ತಿಳಿಯುತ್ತಾರೆ, ಆದರೆ ಕಲ್ಲಿಗೆ ಏನೂ ಆಗಿರುವುದಿಲ್ಲ. ಬಿಸಿನೀರಾದರೆ ಅರಗು ಮೆತ್ತಗಾಗಿ ಕಲ್ಲು ಅಲುಗಾಡತೊಡಗುವ ಅಪಾಯವೂ ಸೇರಿಕೊಳ್ಳುತ್ತದೆ. ಅಲ್ಟ್ರಾಸಾನಿಕ್ ಯಂತ್ರ ನಮ್ಮ ಕಿವಿಗೆ ಕೇಳಿಸದಷ್ಟು ಎತ್ತರದ ಧ್ವನಿತರಂಗಗಳಿಂದ ದ್ರವದಲ್ಲಿ ಅಸಂಖ್ಯ ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸಿ ಒಡೆಯುತ್ತದೆ. ಗುಳ್ಳೆ ಒಡೆಯುವ ಆ ರಭಸವೇ ಕೊಳೆಯನ್ನು ಕಿತ್ತುಹಾಕುತ್ತದೆ, ಅದೇ ರಭಸ ಅರಗನ್ನೂ ತಗಡನ್ನೂ ಕದಲಿಸುತ್ತದೆ. ಆದ್ದರಿಂದ ಹಿಂಬದಿ ಮುಚ್ಚಿದ ಓಲೆಯನ್ನು ಯಂತ್ರಕ್ಕೂ ಹಾಕಬಾರದು, ಅಂಟುವಾಳದ ಪಾತ್ರೆಯಲ್ಲಿಯೂ ಮುಳುಗಿಸಬಾರದು. ಮೆತ್ತನೆಯ ಹತ್ತಿ ಬಟ್ಟೆಯ ತುದಿಯನ್ನು ತುಸುವೇ ಒದ್ದೆಮಾಡಿ, ಚೆನ್ನಾಗಿ ಹಿಂಡಿ, ಮೇಲ್ಮೈಯನ್ನು ಒರೆಸಿ, ಒಡನೆಯೇ ಒಣಬಟ್ಟೆಯಿಂದ ಒರೆಸಿದರೆ ಅಷ್ಟೇ ಸಾಕು.

ಅಷ್ಟಾದ ಮೇಲೂ ಮಂಕು ಹೋಗದಿದ್ದರೆ ದೋಷ ಒಳಗಿನ ತಗಡಿನಲ್ಲಿದೆ ಎಂದು ತಿಳಿಯಬೇಕು. ಕಲ್ಲುಗಳನ್ನು ಬಿಡಿಸಿ, ಹೊಸ ತಗಡಿಟ್ಟು, ಮತ್ತೆ ಕುಂದಣ ಕಟ್ಟಬಲ್ಲವರಿಗೇ ಅದನ್ನು ಕೊಡಬೇಕು. ಇದು ನಿಧಾನದ ಕೆಲಸ, ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆದರೂ ಹಳೆಯ ಓಲೆಯನ್ನು ಕರಗಿಸುವ ಮೊದಲು ಅವರನ್ನೊಮ್ಮೆ ಹುಡುಕಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ರಸಾಯನ ಮೇಷ್ಟ್ರು

ಮೇಲಿನ ವಿವರಣೆ ಬಹಳ ಚೆನ್ನಾಗಿದೆ. ಮುತ್ತಿನ ಬಗ್ಗೆ ನಾನು ಸೇರಿಸುತ್ತೇನೆ, ಏಕೆಂದರೆ ಅದು ಸಂಪೂರ್ಣವಾಗಿ ರಸಾಯನಶಾಸ್ತ್ರದ ವಿಷಯ.

ಮುತ್ತು ಖನಿಜದ ಕಲ್ಲಲ್ಲ, ಚಿಪ್ಪಿನ ಜೀವಿ ಪದರಪದರವಾಗಿ ಕಟ್ಟಿದ ವಸ್ತು. ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಪದರಗಳ ನಡುವೆ ಅಂಟಿನಂತೆ ಒಂದು ಪ್ರೋಟೀನು ಇರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತದೆ. ನಿಂಬೆರಸ, ಹುಣಸೆಹಣ್ಣು, ವಿನಿಗರ್ ಎಲ್ಲವೂ ಆಮ್ಲಗಳೇ. ಹಿತ್ತಾಳೆಯ ದೀಪಕ್ಕೆ ಒಗ್ಗುವ ಹುಣಸೆಹಣ್ಣು ಮುತ್ತಿನ ಹೊಳಪನ್ನು ಶಾಶ್ವತವಾಗಿ ತಿಂದುಹಾಕುತ್ತದೆ. ಅಂಟುವಾಳದ ನೊರೆ ಕೂಡ ತುಸು ಆಮ್ಲೀಯವೇ ಆದುದರಿಂದ ಮುತ್ತಿಗೆ ಅದನ್ನು ನಾನು ಹೇಳುವುದಿಲ್ಲ. ಬೆವರು ಸಹ ದಿನಗಳು ಕಳೆದಂತೆ ತನ್ನ ಕೆಲಸ ಮಾಡುತ್ತದೆ. ಸುಗಂಧದ್ರವ್ಯ, ಹೇರ್ ಸ್ಪ್ರೇ, ಮುಖದ ಕ್ರೀಮು ಎಲ್ಲ ಹಚ್ಚಿಕೊಂಡು ಮುಗಿದ ಮೇಲೆ ಕೊನೆಗೆ ಮುತ್ತಿನ ಜುಮಕಿ ಧರಿಸಬೇಕು, ಮನೆಗೆ ಬಂದೊಡನೆ ಎಲ್ಲಕ್ಕಿಂತ ಮೊದಲು ಅದನ್ನು ತೆಗೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ ಇಡಬೇಕು. ಅರಿಶಿನದ ಬಗ್ಗೆಯೂ ಎಚ್ಚರವಿರಲಿ. ಚಿನ್ನಕ್ಕೆ ಹತ್ತಿದ ಅರಿಶಿನ ತೊಳೆದರೆ ಹೋಗುತ್ತದೆ, ಮುತ್ತು ಅದರ ಬಣ್ಣವನ್ನು ಹೀರಿಕೊಂಡರೆ ಬಿಡಿಸುವುದು ಕಷ್ಟ. ಮದುವೆಮನೆಯಲ್ಲಿ ಅರಿಶಿನದೆಣ್ಣೆಯ ಶಾಸ್ತ್ರದ ಹೊತ್ತಿಗೆ ಮುತ್ತಿನ ಒಡವೆಗಳು ಪೆಟ್ಟಿಗೆಯಲ್ಲಿಯೇ ಇದ್ದರೆ ಒಳ್ಳೆಯದು.

ಟೂತ್‌ಪೇಸ್ಟಿನಿಂದ ಚಿನ್ನ ತಿಕ್ಕುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಟೂತ್‌ಪೇಸ್ಟಿನಲ್ಲಿ ಹಲ್ಲನ್ನು ಉಜ್ಜಲೆಂದೇ ಸೇರಿಸಿದ ಸೂಕ್ಷ್ಮ ಕಣಗಳಿರುತ್ತವೆ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಚಿನ್ನದ ಗಡಸುತನ ಸುಮಾರು 2.5ರಿಂದ 3, ಮುತ್ತಿನದು 2.5ರಿಂದ 4.5. ಎರಡರ ಮೇಲೂ ಆ ಕಣಗಳು ಗೀರು ಎಳೆಯುತ್ತವೆ. ವಿಭೂತಿಯಿಂದ ತಿಕ್ಕುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತುಂಗಾತೀರ

ಮೇಷ್ಟ್ರೇ, ಮುತ್ತಿನ ಮಾತನ್ನು ಒಪ್ಪುತ್ತೇನೆ. ಆದರೆ ಮಾಣಿಕ್ಯದ ಗಡಸುತನ 9 ಎಂದು ಓದಿದ್ದೇನೆ, ವಜ್ರ ಬಿಟ್ಟರೆ ಅದೇ. ಅಷ್ಟು ಗಟ್ಟಿಯಾದ ಕಲ್ಲಿಗೆ ನಿಂಬೆರಸದಿಂದಲೋ ನೊರೆಯಿಂದಲೋ ಏನಾದೀತು? ತಗಡಿನ ವಿಷಯ ಬೇರೆ. ಹಿಂಬದಿ ತೆರೆದಿರುವ ಕೆಂಪಿನ ಓಲೆಯ ಬಗ್ಗೆ ಕೇಳುತ್ತಿದ್ದೇನೆ.

ಕಲ್ಲು ಕಟ್ಟುವ ಮನೆ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಕಲ್ಲು ಶುದ್ಧ ಮಾಣಿಕ್ಯವಾಗಿದ್ದು, ಬಿರುಕುಗಳಿಲ್ಲದೆ, ಹಿಂಬದಿ ತೆರೆದಿದ್ದರೆ ಸಾಬೂನಿನ ಬೆಚ್ಚನೆಯ ನೀರಾಗಲಿ ಅಂಟುವಾಳವಾಗಲಿ ಏನೂ ಮಾಡುವುದಿಲ್ಲ. ತೊಡಕು ಇರುವುದು ಆ ‘ಶುದ್ಧ’ ಎಂಬಲ್ಲಿ. ಕಳೆದ ಎರಡು ದಶಕಗಳಲ್ಲಿ ಮಾರುಕಟ್ಟೆಗೆ ಬಂದ ಅಗ್ಗದ ಮಾಣಿಕ್ಯಗಳಲ್ಲಿ ಬಹಳಷ್ಟು ಕಲ್ಲುಗಳ ಬಿರುಕಿಗೆ ಸೀಸ ಬೆರೆತ ಗಾಜನ್ನು ತುಂಬಿರುತ್ತಾರೆ. ಬರಿಗಣ್ಣಿಗೆ ಅದು ಒಳ್ಳೆಯ ಕೆಂಪಾಗಿ ಕಾಣುತ್ತದೆ, ಆದರೆ ಆ ಗಾಜನ್ನು ನಿಂಬೆರಸದಂತಹ ಸಾಧಾರಣ ಆಮ್ಲವೂ ಕೊರೆಯುತ್ತದೆ. ಬೆಸುಗೆಯ ಬಿಸಿಗೆ ಅದು ನಿಲ್ಲುವುದಿಲ್ಲ, ಬೆಸುಗೆಯ ನಂತರ ಅಕ್ಕಸಾಲಿಗರು ಒಡವೆಯನ್ನು ಅದ್ದುವ ಆಮ್ಲದ ದ್ರಾವಣಕ್ಕೂ ನಿಲ್ಲುವುದಿಲ್ಲ. ಗಾಜು ಸವೆದ ಮೇಲೆ ಬಿರುಕುಗಳು ಬಲೆಯಂತೆ ಬೆಳ್ಳಗೆ ಎದ್ದು ಕಾಣುತ್ತವೆ, ಮಾಲೀಕರು ಅಕ್ಕಸಾಲಿಗನೇ ಕಲ್ಲು ಬದಲಾಯಿಸಿದನೆಂದು ತಿಳಿಯುತ್ತಾರೆ. ಹೊಸ ಕೆಂಪಿನ ಓಲೆ ಕೊಳ್ಳುವಾಗ ಕಲ್ಲಿಗೆ ಯಾವ ಸಂಸ್ಕರಣೆ ಆಗಿದೆಯೆಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಇದಕ್ಕಾಗಿಯೇ.

ಹಳೆಯ ಕಲ್ಲೆಂದರೆ ಗಣಿಯಿಂದ ಬಂದದ್ದೇ ಎಂದೂ ಭಾವಿಸಬೇಡಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಆಗಸ್ಟ್ ವರ್ನೆಯ್ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ್ದು 1902ರಲ್ಲಿ. ಅಲ್ಲಿಂದ ಮುಂದೆ ಕೃತಕ ಮಾಣಿಕ್ಯ ಜಗತ್ತಿನ ಒಡವೆಗಳಲ್ಲೆಲ್ಲ ಹರಡಿತು, ಅಜ್ಜಿಯಂದಿರ ಓಲೆಗಳಲ್ಲಿಯೂ ಸಿಗುತ್ತದೆ. ಆರೈಕೆಯ ದೃಷ್ಟಿಯಿಂದ ಕೃತಕ ಮಾಣಿಕ್ಯ ಗಟ್ಟಿಯಾದದ್ದೇ. ಬೆಲೆ ಕಟ್ಟುವಾಗ ಮಾತ್ರ ವ್ಯತ್ಯಾಸ.

ದುಬೈ ಕನ್ನಡತಿ

ನನ್ನದು ಪಚ್ಚೆಯ ಓಲೆ, 18 ಕ್ಯಾರೆಟ್ ಚಿನ್ನದಲ್ಲಿ, ಹಿಂಬದಿ ತೆರೆದಿದೆ. ಇಲ್ಲಿಯ ಒಂದು ಅಂಗಡಿಯಲ್ಲಿ ಅಲ್ಟ್ರಾಸಾನಿಕ್ ತೊಳೆತ ಉಚಿತವೆಂದರು, ಕೊಟ್ಟೆ. ಕೊಳೆಯೇನೋ ಹೋಯಿತು, ಆದರೆ ಒಂದು ಪಚ್ಚೆಯಲ್ಲಿ ಹಿಂದೆ ಕಾಣದಿದ್ದ ಗೆರೆಗಳು ಈಗ ಕಾಣುತ್ತಿವೆ. ಕಲ್ಲು ಒಡೆಯಿತೇ?

ಕಲ್ಲು ಕಟ್ಟುವ ಮನೆ

ಒಡೆದಿರುವ ಸಾಧ್ಯತೆ ಕಡಿಮೆ, ಎಣ್ಣೆ ಹೋಗಿರುವ ಸಾಧ್ಯತೆ ಹೆಚ್ಚು. ಪಚ್ಚೆಗಳಲ್ಲಿ ಬಹುಪಾಲು ಹುಟ್ಟಿನಿಂದಲೇ ಸೀಳುಗಳನ್ನು ಹೊಂದಿರುತ್ತವೆ. ಆ ಸೀಳುಗಳು ಕಾಣದಿರಲೆಂದು ದೇವದಾರು ಜಾತಿಯ ಮರದ ಎಣ್ಣೆಯನ್ನೋ ರಾಳವನ್ನೋ ತುಂಬುವುದು ಜಗತ್ತಿನಾದ್ಯಂತ ಒಪ್ಪಿತವಾದ ರೂಢಿ. ಎಣ್ಣೆಯೊಳಗೂ ಪಚ್ಚೆಯೊಳಗೂ ಬೆಳಕು ಬಾಗುವ ಪ್ರಮಾಣ ಹತ್ತಿರಹತ್ತಿರವಿರುವುದರಿಂದ, ಎಣ್ಣೆ ತುಂಬಿದ ಸೀಳು ಕಣ್ಣಿಗೆ ಮರೆಯಾಗುತ್ತದೆ. ಎಣ್ಣೆ ಹೋಗಿ ಗಾಳಿ ಸೇರಿದರೆ ಬೆಳ್ಳಗೆ ಮಿನುಗುತ್ತದೆ. ಅಲ್ಟ್ರಾಸಾನಿಕ್, ಹಬೆ, ಬಿಸಿನೀರು, ಸ್ಪಿರಿಟ್, ಈ ಯಾವುದನ್ನೂ ಪಚ್ಚೆಗೆ ತೋರಿಸಬಾರದು. ರತ್ನಪರೀಕ್ಷೆಯ ಪ್ರಯೋಗಾಲಯದಲ್ಲಿ ಒಮ್ಮೆ ನೋಡಿಸಿ. ಎಣ್ಣೆಯೇ ಹೋಗಿದ್ದರೆ ಬಲ್ಲವರು ಮತ್ತೆ ತುಂಬಿಕೊಡುತ್ತಾರೆ, ಕಲ್ಲು ಮೊದಲಿನಂತೆ ಕಾಣುತ್ತದೆ. ಮುಂದೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಸೌಮ್ಯ ಸಾಬೂನು ಬೆರೆಸಿ, ಮೆತ್ತನೆಯ ಕುಂಚದಿಂದ ತೊಳೆದು ಬೇಗ ಒರೆಸಿಬಿಡಿ.

ರಸಾಯನ ಮೇಷ್ಟ್ರು

ದುಬೈನಲ್ಲಿ ಇರುವುದರಿಂದ ಇನ್ನೊಂದು ಮಾತು. ಈಜುಕೊಳಕ್ಕೆ ಇಳಿಯುವಾಗ ಓಲೆಗಳನ್ನು ತೆಗೆದಿಡಿ. ನೀರಿನ ಕ್ಲೋರಿನ್ ಚಿನ್ನದಲ್ಲಿ ಬೆರೆತ ಇತರ ಲೋಹಗಳ ಮೇಲೆ ಕೆಲಸ ಮಾಡುತ್ತದೆ. 22 ಕ್ಯಾರೆಟ್‌ನಲ್ಲಿ ಶೇಕಡಾ 91.6 ಚಿನ್ನವಿದ್ದರೆ 18 ಕ್ಯಾರೆಟ್‌ನಲ್ಲಿ 75 ಮಾತ್ರ. ಆದ್ದರಿಂದ ಎರಡನೆಯದಕ್ಕೆ ತೊಂದರೆ ಹೆಚ್ಚು, ನಿಕ್ಕಲ್ ಬೆರೆತ ಬಿಳಿ ಚಿನ್ನಕ್ಕೆ ಇನ್ನೂ ಹೆಚ್ಚು. ಕಲ್ಲನ್ನು ಹಿಡಿದಿರುವ ತೆಳ್ಳನೆಯ ಉಗುರುಗಳು ಹೀಗೆ ಒಳಗಿಂದೊಳಗೆ ಸೀಳಿ ಮುರಿಯುವುದುಂಟು.

ಸಾಗರದ ಸೊಸೆ

ಇಷ್ಟು ವಿವರವಾಗಿ ಬರೆದುದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ವಜ್ರದ ಓಲೆಯ ಮಾತು ಉಳಿಯಿತು. ತೊಳೆದ ವಾರದೊಳಗೇ ಅದು ಮತ್ತೆ ಮಂಕಾಗುತ್ತದೆಂದು ಅತ್ತೆಯವರು ಹೇಳುತ್ತಾರೆ. ಅದು ನಿಜವಾದ ವಜ್ರವೇ ಅಲ್ಲವೇನೋ ಎಂಬ ಅನುಮಾನವೂ ಅವರಿಗಿದೆ.

ಕಲ್ಲು ಕಟ್ಟುವ ಮನೆ

ಬೇಗ ಮಂಕಾಗುವುದರಿಂದ ವಜ್ರವಲ್ಲವೆಂದು ಹೇಳಲಾಗದು. ವಜ್ರದ ಮೈ ನೀರನ್ನು ದೂರವಿಟ್ಟು ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಗಣಿಗಳಲ್ಲಿ ಜಿಡ್ಡು ಬಳಿದ ಹಲಗೆಯ ಮೇಲೆ ಪುಡಿಮಾಡಿದ ಅದಿರನ್ನು ನೀರಿನೊಡನೆ ಹರಿಸಿ ವಜ್ರಗಳನ್ನು ಬೇರ್ಪಡಿಸುತ್ತಿದ್ದುದು ಇದೇ ಗುಣದಿಂದ: ಉಳಿದ ಕಲ್ಲುಗಳು ನೀರಿನೊಡನೆ ಹೋದರೆ ವಜ್ರ ಜಿಡ್ಡಿಗೆ ಅಂಟಿ ನಿಲ್ಲುತ್ತಿತ್ತು. ನಮ್ಮ ಹೆಣ್ಣುಮಕ್ಕಳು ತಲೆಗೆ ಕೊಬ್ಬರಿಎಣ್ಣೆ ಹಚ್ಚುವುದರಿಂದ ಕಿವಿಯ ಓಲೆಗೆ ಅದು ತಗಲುವುದು ಸಹಜ. ಕಲ್ಲಿನ ತಳದಲ್ಲಿ ಜಿಡ್ಡು ಕೂತರೆ ಒಳಗೆ ಹೋದ ಬೆಳಕು ಮರಳದೆ ಸೋರಿಹೋಗುತ್ತದೆ.

ನಿಮ್ಮ ಏಳು ಕಲ್ಲಿನ ಓಲೆಯ ಹಿಂಬದಿ ತೆರೆದಿರುವುದರಿಂದ ಅಂಟುವಾಳದ ನೊರೆ ಇಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಅತ್ತೆಯವರಿಗೆ ಖಂಡಿತ ತಿಳಿಸಿ. ಅಗಲವಾದ ಬಟ್ಟಲಿನಲ್ಲಿ ತುಸುಹೊತ್ತು ನೆನೆಸಿ, ಮಕ್ಕಳು ಬಳಸುವಂತಹ ಮೆತ್ತನೆಯ ಬ್ರಷ್‌ನಿಂದ ಹಿಂಬದಿಯನ್ನು ಉಜ್ಜಿ. ನಲ್ಲಿಯ ಕೆಳಗೆ ನೇರವಾಗಿ ಹಿಡಿಯಬೇಡಿ. ಸಡಿಲವಾದ ಕಲ್ಲು ಕೊಳಾಯಿಯಲ್ಲಿ ಹೋದರೆ ಸಿಗುವುದಿಲ್ಲ. ಬಟ್ಟಲಿನ ನೀರನ್ನು ಬಿಳಿಯ ಬಟ್ಟೆಯಲ್ಲಿ ಸೋಸಿಯೇ ಚೆಲ್ಲಿ.

ವಜ್ರ ಅತ್ಯಂತ ಗಡಸಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಅದು ನಾಲ್ಕು ದಿಕ್ಕುಗಳಲ್ಲಿ ಸೀಳಬಲ್ಲ ಹರಳು. ಕಲ್ಲುನೆಲದ ಮೇಲೆ ಓರೆಯಾಗಿ ಬಿದ್ದರೆ ಅಂಚು ಹಾರಬಹುದು. ಎಲ್ಲ ಒಡವೆಗಳನ್ನೂ ಒಂದೇ ಡಬ್ಬಿಯಲ್ಲಿ ಸುರಿದಿಟ್ಟರೆ ವಜ್ರ ಮಿಕ್ಕೆಲ್ಲ ಕಲ್ಲುಗಳನ್ನೂ ಗೀರುತ್ತದೆ, ಪಕ್ಕದ ವಜ್ರವನ್ನೂ ಬಿಡುವುದಿಲ್ಲ. ಪ್ರತಿ ಜೊತೆಗೂ ಪ್ರತ್ಯೇಕ ಬಟ್ಟೆಯ ಚೀಲವಿರಲಿ.

ಮೈಸೂರು ಮಲ್ಲಿಗೆ ಓದುಗಿ

ನನ್ನ ಬಳಿ ನವರತ್ನದ ಓಲೆಯಿದೆ. ಮುತ್ತು, ಹವಳ, ಪಚ್ಚೆ, ವಜ್ರ ಎಲ್ಲವೂ ಒಂದರಲ್ಲಿಯೇ ಇವೆ. ಈಗ ಯಾವ ನಿಯಮ ಪಾಲಿಸಬೇಕು?

ಕಲ್ಲು ಕಟ್ಟುವ ಮನೆ

ಮುತ್ತು ಮತ್ತು ಹವಳದ ನಿಯಮ. ಹವಳವೂ ಕ್ಯಾಲ್ಸಿಯಂ ಕಾರ್ಬೊನೇಟೇ, ಗಡಸುತನ 3ರಿಂದ 4. ಆ ಎರಡಕ್ಕೆ ಸಲ್ಲದ ಯಾವುದೂ ಇಡೀ ಓಲೆಗೆ ಸಲ್ಲುವುದಿಲ್ಲ. ಒಣಬಟ್ಟೆ, ಬೇಕಾದರೆ ತುಸು ಒದ್ದೆಬಟ್ಟೆ, ಅಷ್ಟೇ. ಬೆಸುಗೆ ಹಾಕಿಸಬೇಕಾದಾಗ ಮುತ್ತು, ಹವಳ, ಪಚ್ಚೆ ಮೂರನ್ನೂ ಬಿಡಿಸಿಯೇ ಬೆಂಕಿ ತೋರಿಸಬೇಕೆಂದು ಅಕ್ಕಸಾಲಿಗರಿಗೆ ಮೊದಲೇ ಹೇಳಿ.

ಒರೆಗಲ್ಲು

ದುರಸ್ತಿಗೆ ಕೊಡುವ ಮಾತು ಬಂದುದರಿಂದ ಕೇಳುತ್ತೇನೆ. ನಮ್ಮ ಚಿಕ್ಕಮ್ಮನವರು ಮೆರುಗು ಹಾಕಿಸಲು ಕೊಟ್ಟ ಜುಮಕಿಯ ತೂಕ ಮರಳಿ ಬಂದಾಗ ಕಡಿಮೆಯಾಗಿತ್ತು. ಅಂಗಡಿಯವರು ಕೊಳೆ ಹೋಗಿದೆ ಎಂದರು. ಇದು ಸಾಧ್ಯವೇ?

ಕಲ್ಲು ಕಟ್ಟುವ ಮನೆ

ಜುಮಕಿಯ ಗುಮ್ಮಟದೊಳಗೆ ಬಹಳ ವರ್ಷದ ಎಣ್ಣೆಕೊಳೆ ಕೂತಿದ್ದರೆ ಅಲ್ಪಸ್ವಲ್ಪ ತೂಕ ಇಳಿಯುವುದುಂಟು. ಆದರೆ ಚಿನ್ನವನ್ನು ಕರಗಿಸಬಲ್ಲ ಬಲವಾದ ಆಮ್ಲಮಿಶ್ರಣದಲ್ಲಿ ಅದ್ದಿ ಹೊಳಪು ತರಿಸುವವರೂ ಇದ್ದಾರೆ. ಆಗ ಒಡವೆಯ ಮೇಲ್ಪದರದ ಚಿನ್ನವೇ ದ್ರಾವಣಕ್ಕೆ ಇಳಿದು ಅಲ್ಲಿಯೇ ಉಳಿಯುತ್ತದೆ. ಚಕ್ರದಲ್ಲಿ ಉಜ್ಜಿ ಮೆರುಗು ಹಾಕಿದರೂ ಪ್ರತಿ ಸಲ ತುಸು ಚಿನ್ನ ಸವೆಯುತ್ತದೆ. ಹೀಗಾಗಿ ಮೆರುಗನ್ನು ಪದೇಪದೇ ಹಾಕಿಸುವುದಕ್ಕಿಂತ ಧರಿಸಿದಾಗಲೆಲ್ಲ ಒರೆಸಿಡುವ ಅಭ್ಯಾಸ ಲೇಸು.

ಕೊಡುವ ಮೊದಲು ನಿಮ್ಮ ಎದುರಿಗೇ ತೂಗಿಸಿ, ಒಟ್ಟು ತೂಕವನ್ನೂ ಕಲ್ಲುಗಳ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆಸಿ, ಮುಂದೆ ಹಿಂದೆ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಹಿಂಬದಿ ಮುಚ್ಚಿದ ಓಲೆಯಲ್ಲಿ ಅರಗಿನ ತೂಕವೂ ಸೇರಿರುತ್ತದೆಂಬುದು ನೆನಪಿರಲಿ. ಹೊಸದನ್ನು ಕೊಳ್ಳುವಾಗ ಚಿನ್ನದ ತೂಕ ಬೇರೆ, ಕಲ್ಲಿನ ತೂಕ ಬೇರೆ ಬರೆಸಿ. ಒಂದು ಕ್ಯಾರೆಟ್ ಕಲ್ಲೆಂದರೆ 0.2 ಗ್ರಾಂ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಚಿನ್ನದೊಡವೆಯ ಮೇಲೆ ಆ ಒಡವೆಯನ್ನು ಗುರುತಿಸುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು, ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಪರಿಶೀಲಿಸಬಹುದು. ಆದರೆ ಕುಂದನ್ (ಮೇಲೆ ಹೇಳಿದ ಕುಂದಣದ ಕಟ್ಟು), ಪೋಲ್ಕಿ (ಕತ್ತರಿಸದ ವಜ್ರದ್ದು), ಜಡಾವು (ಚಿನ್ನದಲ್ಲಿ ಕಲ್ಲು ಹುದುಗಿಸಿದ್ದು) ಬಗೆಯ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ಇದೆ. ಅಂತಹವನ್ನು ಕೊಳ್ಳುವಾಗ ಶುದ್ಧತೆಯನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಬೇಕು.

ದುಬೈ ಕನ್ನಡತಿ

ಊರಿನ ಬ್ಯಾಂಕ್ ಲಾಕರಿನಲ್ಲಿ ಮುತ್ತಿನ ಓಲೆಗಳನ್ನು ವರ್ಷಗಟ್ಟಲೆ ಇಡಬಹುದೇ?

ರಸಾಯನ ಮೇಷ್ಟ್ರು

ಇಡಬಹುದು, ಆದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೇಡ. ಮುತ್ತಿಗೆ ಅತಿಯಾದ ಒಣಹವೆಯೂ ಒಳ್ಳೆಯದಲ್ಲ, ಮೈಮೇಲೆ ಸೂಕ್ಷ್ಮ ಬಿರುಕುಗಳು ಏಳಬಹುದು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಬೆಳ್ಳಿಯೊಡನೆ ಇಡಿ, ಮುತ್ತಿನೊಡನೆ ಬೇಡ. ಬೆಂಕಿ, ಕಳವು ಅಥವಾ ನೌಕರರ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತವೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದ್ದರಿಂದ ಫೋಟೊ, ಬಿಲ್ಲು, ಪ್ರಮಾಣಪತ್ರಗಳನ್ನು ಲಾಕರಿನ ಹೊರಗೆ ಇಟ್ಟುಕೊಳ್ಳಿ.

ಸಾಗರದ ಸೊಸೆ

ಕೊನೆಯದಾಗಿ ಒಂದು ಪ್ರಶ್ನೆ. ಜುಮಕಿಯ ತಿರುಪು ಸಡಿಲವಾಗಿದೆ. ದಾರ ಸುತ್ತಿ ಬಿಗಿಮಾಡಿಕೊಂಡರೆ ನಡೆಯುತ್ತದೆಯೇ?

ಕಲ್ಲು ಕಟ್ಟುವ ಮನೆ

ಒಂದು ಸಮಾರಂಭದ ಮಟ್ಟಿಗೂ ಅದನ್ನು ನಂಬಬೇಡಿ. 22 ಕ್ಯಾರೆಟ್ ಚಿನ್ನ ಮೆತ್ತಗಿರುವುದರಿಂದ ತಿರುಪಿನ ಸುತ್ತುಗಳು ಬೇಗ ಸವೆಯುತ್ತವೆ. ದಾರ ಹಾಕಿ ಬಲವಂತವಾಗಿ ತಿರುಗಿಸಿದರೆ ಕಡ್ಡಿಯ ಕಡೆಯ ಸುತ್ತೂ ಹಾಳಾಗಿ ಎರಡನ್ನೂ ಬದಲಾಯಿಸಬೇಕಾಗುತ್ತದೆ. ತಿರುಪನ್ನಷ್ಟೇ ಹೊಸದಾಗಿ ಮಾಡಿಸುವುದು ಸಣ್ಣ ಕೆಲಸ. ಎಡಗಿವಿಯ ತಿರುಪು ಬಲಗಿವಿಯ ಕಡ್ಡಿಗೆ ಸರಿಯಾಗಿ ಕೂರದಿರಬಹುದು, ಬಿಚ್ಚಿದಾಗ ಬೆರೆಯದಂತೆ ನೋಡಿಕೊಳ್ಳಿ. ಜುಮಕಿ ಭಾರವಾಗಿದ್ದರೆ ಕಿವಿಯ ತೂತು ಇಳಿಯದಂತೆ ಮಾಟಿ (ಓಲೆಯಿಂದ ಕೂದಲಿಗೆ ಸಿಕ್ಕಿಸುವ ಸರಪಳಿ) ಹಾಕಿಕೊಂಡು ಭಾರವನ್ನು ಕೂದಲಿಗೆ ಹಂಚಿ. ತಿರುಪಿಗೆ ಕೊಡುವ ದಿನವೇ ಮುತ್ತು ಕೋದ ತಂತಿಗಳನ್ನೂ ಭೂತಗನ್ನಡಿಯಲ್ಲಿ ನೋಡಲು ಹೇಳಿ, ಹಳೆಯ ಜುಮಕಿಗಳಲ್ಲಿ ಮುತ್ತು ಉದುರುವುದು ಬಹುಮಟ್ಟಿಗೆ ಆ ತಂತಿಯ ಮಡಿಕೆ ಸವೆದು.